ಏಟಿಗೆ ಅಳದ ಮಗಳು

ಮಗು ತಪ್ಪು ಮಾಡುತ್ತದೆ. ಅಪ್ಪ ಒಂದು ಏಟು ಹಾಕುತ್ತಾನೆ. ಮಗು ಅಳುತ್ತದೆ, ಅಮ್ಮ ಬಂದು ಸಮಾಧಾನ ಮಾಡುತ್ತಾಳೆ, ಸಂಜೆಯ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ. ಎಷ್ಟೋ ಮನೆಗಳಲ್ಲಿ ನಡೆಯುವುದು ಇಷ್ಟೇ. ಇದು ಸರಿಯೋ ತಪ್ಪೋ ಆಮೇಲೆ ನೋಡೋಣ. ಆದರೆ ಏಟು ಬಿದ್ದ ಮಗು ಅಳದೆ, ಓಡದೆ, ನಿಮ್ಮ ಮುಖವನ್ನೇ ನೋಡುತ್ತ ನಿಂತುಬಿಟ್ಟರೆ ಏನು ಮಾಡುತ್ತೀರಿ? ತಕ್ಕಡಿಯಣ್ಣ ಇನ್ನೊಂದು ಏಟು ಹಾಕಿದ. ಅವನ ಮನೆಯ ಫಜೀತಿ ಶುರುವಾದದ್ದು ಅಲ್ಲಿಂದಲೇ.

ತಕ್ಕಡಿಯಣ್ಣ ಅಂದರೆ ತಕ್ಕಡಿ ರಿಪೇರಿ ಮಾಡುವವನು. ತರಕಾರಿಯವರು, ಔಷಧಿ ಅಂಗಡಿಯವರು, ಗುಜರಿಯವರು, ಯಾರ ತೂಕ ಹೆಚ್ಚುಕಮ್ಮಿಯಾದರೂ ಅವನ ಮೇಜಿಗೇ ಬರಬೇಕು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ, ನಡುವೆ ಒಂದು ಪರದೆ. ಒಳ್ಳೆಯ ಕೆಲಸಗಾರ, ಬಾಯಿ ಸ್ವಲ್ಪ ಜೋರು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. ಅವನ ಕೆಲಸದ ರೀತಿ ಹೇಗೆಂದರೆ, ತಕ್ಕಡಿಗೆ ಮೊದಲು ನೂರು ಗ್ರಾಂ ಕಲ್ಲು ಇಡುತ್ತಾನೆ. ಮುಳ್ಳು ಅಲುಗದಿದ್ದರೆ ಇನ್ನೂರು ಇಡುತ್ತಾನೆ. ಅದಕ್ಕೂ ಅಲುಗದಿದ್ದರೆ ಅರ್ಧ ಕೆಜಿ. ಎಂಥ ಮೊಂಡು ಮುಳ್ಳಾದರೂ ಯಾವುದೋ ಒಂದು ತೂಕಕ್ಕೆ ಅಲುಗಲೇಬೇಕು ಅನ್ನುವುದು ಅವನ ಇಪ್ಪತ್ತು ವರ್ಷದ ಅನುಭವ. ತಕ್ಕಡಿಯ ಮಟ್ಟಿಗೆ ಅದು ನಿಜ. ಅದನ್ನೇ ಒಯ್ದು ಒಂಬತ್ತು ವರ್ಷದ ಮಗಳ ಮೇಲೆ ಪ್ರಯೋಗ ಮಾಡಿದ್ದು ಅವನ ಪೆದ್ದುತನ.

ಮಗಳನ್ನು ಮನೆಯಲ್ಲಿ ಚಿಟಿಕೆ ಅಂತ ಕರೆಯುತ್ತಿದ್ದರು. ಹುಟ್ಟಿದಾಗ ಅಷ್ಟೇ ಇದ್ದಳಂತೆ. ಬುದ್ಧಿ ಬಲು ಚುರುಕು, ಲೆಕ್ಕದಲ್ಲಿ ತರಗತಿಗೇ ಮುಂದು, ಬೇಕು ಅನ್ನಿಸಿದರೆ ಎಂಥವರನ್ನೂ ಮಾತಿನಲ್ಲಿ ಕರಗಿಸಿಬಿಡುವಳು. ಆದರೆ ಜೊತೆಯವಳು ಬಿದ್ದು ಮಂಡಿ ಒಡೆದುಕೊಂಡರೆ ದಾಟಿಕೊಂಡು ಹೋಗುವಳು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ನಾಚಿಕೆಯೂ ಇಲ್ಲ, ಅಂಜಿಕೆಯೂ ಇಲ್ಲ, ನಿಂತಲ್ಲೇ ಇನ್ನೊಂದು ಸುಳ್ಳು. ಒಂದು ದಿನ ಎರಡು ವರ್ಷದ ತಮ್ಮನ ಬೆರಳನ್ನು ಅಂಗಡಿಯ ಡ್ರಾಯರಿನಲ್ಲಿ ಇಡಿಸಿ, ನಿಧಾನವಾಗಿ ಮುಚ್ಚಿದಳು. ಪಾಪು ಕಿರುಚಿದ ಸದ್ದಿಗೆ ಎಲ್ಲರೂ ಓಡಿಬಂದರು. ಯಾಕೆ ಹೀಗೆ ಮಾಡಿದೆ ಅಂದರೆ, "ಏನಾಗುತ್ತೆ ನೋಡ್ಬೇಕಿತ್ತು" ಅಂದಳು.

ಆ ದಿನ ತಕ್ಕಡಿಯಣ್ಣ ಕೈಯಲ್ಲಿ ಹೊಡೆದ. ಅಳಲಿಲ್ಲ. ಮರದ ಅಳತೆಪಟ್ಟಿಯಲ್ಲಿ ಹೊಡೆದ. ಅಳಲಿಲ್ಲ. ಊಟ ಇಲ್ಲ ಅಂದ. ಸರಿ ಅಂತ ಹೋಗಿ ಮಲಗಿದಳು. ಮಾರನೇ ದಿನ ಸಾಮಾನು ಕೋಣೆಯೊಳಗೆ ಕೂಡಿಹಾಕಿ ಒಂದು ಗಂಟೆ ಬಿಟ್ಟು ಬಾಗಿಲು ತೆಗೆದರೆ, "ಒಳಗೆ ಇಲಿ ಇದೆ ಅಪ್ಪಾ, ಬೋನು ಇಡಿ" ಅಂತ ಹೇಳಿ ಹೊರಗೆ ಬಂದಳು. ತಕ್ಕಡಿಯಣ್ಣನಿಗೆ ಅವತ್ತು ನಿಜವಾಗಿಯೂ ಹೆದರಿಕೆಯಾಯಿತು. ಹೆತ್ತ ಮಗಳನ್ನು ಕಂಡರೆ ಹೆದರಿಕೆಯಾಗುವುದು ಅಂದರೆ ಏನು ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಅಷ್ಟರಲ್ಲಿ ಅವನ ಭಾವಮೈದ ಫೋನಿಗೆ ಒಂದು ಪರೀಕ್ಷೆ ಕಳಿಸಿದ. ಇಪ್ಪತ್ತು ಪ್ರಶ್ನೆ, ಹೌದು ಅಥವಾ ಇಲ್ಲ. ಮಗಳ ಬಗ್ಗೆ ತುಂಬಿದರೆ ಹದಿನೇಳು ಬಂತು. ಕೆಂಪು ಅಕ್ಷರದಲ್ಲಿ 'ಅಪಾಯಕಾರಿ ಸೈಕೋಪಾತ್' ಅಂತ ಬಂತು. ಆವತ್ತೇ ಅವನು ದೂರದ ಒಂದು ವಸತಿಶಾಲೆಗೆ ಫೋನು ಮಾಡಿದ. ಕಟ್ಟುನಿಟ್ಟಿಗೆ ಹೆಸರಾದ ಜಾಗ. ವಾರ್ಡನ್ ಧೈರ್ಯವಾಗಿ ಹೇಳಿದ: "ಕಳಿಸಿ ಸರ್. ಮೂರೇ ತಿಂಗಳು. ಅಳೋದು ಹೇಗೆ ಅಂತ ನಾವು ಕಲಿಸ್ತೀವಿ." ಸೋಮವಾರದ ಬಸ್ಸಿಗೆ ಕಳಿಸುವುದು ಅಂತ ನಿಶ್ಚಯವಾಯಿತು. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು, ಹೊಲಿಯದೆ, ಬರೀ ಅತ್ತಳು.

ಶನಿವಾರ ಮಧ್ಯಾಹ್ನ ಪಾಪುವಿನ ಬೆರಳಿನ ಪಟ್ಟಿ ಬದಲಾಯಿಸಲು ನರ್ಸಕ್ಕ ಬಂದಳು. ಬೀದಿಯ ಆರೋಗ್ಯ ಕೇಂದ್ರದವಳು. ಇಲ್ಲಿಗೆ ಬರುವ ಮೊದಲು ಆರು ವರ್ಷ ದೊಡ್ಡಾಸ್ಪತ್ರೆಯಲ್ಲಿ, ಮಕ್ಕಳ ಮನಸ್ಸಿನ ವಾರ್ಡಿನಲ್ಲಿ ಕೆಲಸ ಮಾಡಿದವಳು. ಮೂಲೆಯಲ್ಲಿದ್ದ ಟ್ರಂಕು ಅವಳ ಕಣ್ಣಿಗೆ ಬಿತ್ತು.

"ಯಾರು ಊರಿಗೆ ಹೊರಟಿರೋದು?"

"ಚಿಟಿಕೆ. ಹಾಸ್ಟೆಲಿಗೆ ಬಿಟ್ಟು ಬರ್ತೀನಿ" ಅಂದ ತಕ್ಕಡಿಯಣ್ಣ.

"ಒಂಬತ್ತು ವರ್ಷದ ಮಗುನ?"

"ಅದು ಮಾಮೂಲಿ ಮಗು ಅಲ್ಲ ನರ್ಸಕ್ಕ. ಸೈಕೋಪಾತ್. ಪರೀಕ್ಷೆ ಮಾಡಿಸಿದೀನಿ. ಇಪ್ಪತ್ತಕ್ಕೆ ಹದಿನೇಳು."

"ಯಾವ ಡಾಕ್ಟ್ರು ಮಾಡಿದ್ದು?"

"ಫೋನಲ್ಲಿ ಮಾಡಿದ್ದು."

ನರ್ಸಕ್ಕ ನಗಲಿಲ್ಲ. ಕೈ ಚಾಚಿ ಫೋನು ಇಸಿದುಕೊಂಡು ನೋಡಿದಳು. "ಚೆನ್ನಾಗಿದೆ. ಈಗ ಇದನ್ನ ನಿಮ್ಮ ಬಗ್ಗೆ ತುಂಬೋಣ. ನಾನು ಓದ್ತೀನಿ, ನೀವು ಹೇಳಿ. ನೀವು ಹೇಳಿದ್ದೇ ಸರಿ ಅನ್ಸುತ್ತಾ? ತಪ್ಪು ಒಪ್ಕೊಳೋದು ಕಷ್ಟವಾ? ಪಕ್ಕದಲ್ಲಿ ಯಾರಾದ್ರೂ ಅಳ್ತಾ ಕೂತಿದ್ರೆ ಕಿರಿಕಿರಿ ಆಗುತ್ತಾ?"

ತಕ್ಕಡಿಯಣ್ಣ ಯೋಚಿಸಿ ಯೋಚಿಸಿ ಉತ್ತರ ಹೇಳಿದ. ಹನ್ನೊಂದು ಬಂತು. ಪರದೆಯ ಹಿಂದಿನಿಂದ ಹೆಂಡತಿಯ ದನಿ ಕೇಳಿಸಿತು: "ಇಲ್ಲ ಅಂದಿದ್ರಲ್ಲಿ ಮೂರು ಸುಳ್ಳು ನರ್ಸಕ್ಕ. ಹದಿನಾಲ್ಕು ಅಂತ ಬರ್ಕೊಳಿ."

"ಹಾಗಾದ್ರೆ ಟ್ರಂಕಲ್ಲಿ ನಿಮ್ಮ ಬಟ್ಟೆನೂ ಇಡಿ, ಇಬ್ರೂ ಒಟ್ಟಿಗೆ ಹೋಗಿ" ಅಂದಳು ನರ್ಸಕ್ಕ. ಮೂರು ದಿನದಿಂದ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಹೆಂಡತಿ ನಕ್ಕಳು.

ತಕ್ಕಡಿಯಣ್ಣನಿಗೆ ಮಾತ್ರ ನಗು ಬರಲಿಲ್ಲ. "ನೀವು ತಮಾಷೆ ಮಾಡ್ತಿದೀರಿ. ಇವಳು ತಮ್ಮನ ಬೆರಳು ಜಜ್ಜಿ, ಅವನು ಅಳೋದನ್ನ ನಿಂತು ನೋಡಿದಳು."

"ತಮಾಷೆ ಅಲ್ಲ, ನನಗೂ ಚಿಂತೆ ಆಗಿದೆ. ಇದು ಸಣ್ಣ ವಿಷಯ ಅಲ್ಲ. ಆದ್ರೆ ಆ ಹೆಸರನ್ನ ಯಾವ ಡಾಕ್ಟ್ರೂ ಮಕ್ಕಳಿಗೆ ಇಡಲ್ಲ. ದೊಡ್ಡವರಿಗೂ ಸುಮ್ಮನೆ ಇಡಲ್ಲ. ಗಂಟೆಗಟ್ಲೆ ಮಾತಾಡಿಸಿ, ಹಿಂದಿಂದೆಲ್ಲ ತೆಗೆದು ನೋಡಿ ಆಮೇಲೆ ಹೇಳ್ತಾರೆ."

"ಅಂದ್ರೆ ಇವಳಿಗೆ ಹುಚ್ಚಾ?"

"ಅಲ್ಲ. ಇಲ್ಲದ ದನಿ ಕೇಳಿಸೋದು, ಇಲ್ಲದ್ದು ಕಾಣೋದು, ಅದೇ ಬೇರೆ ಕಾಯಿಲೆ. ಜನ ಎರಡನ್ನೂ ಸೇರಿಸಿ ಸೈಕೋ ಅಂದ್ಬಿಡ್ತಾರೆ. ಚಿಟಿಕೆಗೆ ಎಲ್ಲಾ ಗೊತ್ತಾಗುತ್ತೆ. ಯಾವುದು ತಪ್ಪು ಅಂತ ಕೇಳಿ, ನಿಮಗಿಂತ ಚೆನ್ನಾಗಿ ಹೇಳ್ತಾಳೆ. ಗೊತ್ತಾಗುತ್ತೆ, ತಟ್ಟಲ್ಲ. ತೊಂದರೆ ಅಲ್ಲಿರಬಹುದು."

"ಯಾಕೆ ತಟ್ಟಲ್ಲ? ಕಲ್ಲಾ ಅದು?"

ನರ್ಸಕ್ಕ ಪಾಪುವಿನ ಬೆರಳಿಗೆ ಪಟ್ಟಿ ಸುತ್ತುತ್ತಲೇ ಹೇಳಿದಳು. "ಮೆದುಳಿನ ಒಳಗಡೆ ಬಾದಾಮಿ ಬೀಜದಷ್ಟು ಒಂದು ಭಾಗ ಇದೆ. ಎದುರಿಗಿರೋರ ಮುಖದಲ್ಲಿ ಹೆದರಿಕೆ ಕಂಡ್ರೆ ಸಾಕು, ನಮ್ಮಲ್ಲಿ ಅದು ತಟ್ಟನೆ ಎಚ್ಚರ ಆಗುತ್ತೆ. ಎದೆ ಧಸಕ್ ಅನ್ನುತ್ತೆ, ಕೈ ಅಲ್ಲೇ ನಿಲ್ಲುತ್ತೆ. ಕೆಲವು ಮಕ್ಕಳಲ್ಲಿ ಅದು ಮಂದವಾಗಿ ಕೆಲಸ ಮಾಡುತ್ತೆ. ಮೆದುಳಿನ ಚಿತ್ರ ತೆಗೆದು ನೋಡಿದೋರು ಹೇಳ್ತಾರೆ ಇದನ್ನ. ಅಂಥ ಮಗುಗೆ ತಮ್ಮನ ಹೆದರಿದ ಮುಖವೂ ಒಂದೇ, ನಿಮ್ಮ ಸಿಟ್ಟಿನ ಮುಖವೂ ಒಂದೇ. ನಿಮ್ಮ ಏಟು ಅಲ್ಲಿಗೆ ತಲುಪೋದೇ ಇಲ್ಲ. ಆದ್ರೆ ಬಹುಮಾನ ತಲುಪುತ್ತೆ. ತನಗೆ ಬೇಕಾದ್ದು ಸಿಗುತ್ತೆ ಅಂದ್ರೆ ಆ ಮಕ್ಕಳು ಯಾರಿಗೂ ಕಮ್ಮಿ ಇಲ್ಲ."

ತಕ್ಕಡಿಯಣ್ಣನಿಗೆ ಈ ಮಾತು ತನ್ನದೇ ಭಾಷೆಯಲ್ಲಿ ಅರ್ಥವಾಯಿತು. "ಅಂದ್ರೆ ಒಂದು ತಟ್ಟೆ ಅಂಟ್ಕೊಂಡಿದೆ, ಇನ್ನೊಂದು ಆಡ್ತಾ ಇದೆ."

"ನೀವು ಅಂಟ್ಕೊಂಡಿರೋ ತಟ್ಟೆ ಮೇಲೇ ಕಲ್ಲು ಹೇರ್ತಾ ಇದೀರಿ."

"ಹಾಗಂತ ತಮ್ಮನ ಬೆರಳು ಜಜ್ಜಿದೋಳಿಗೆ ಬಹುಮಾನ ಕೊಡ್ಲಾ? ಒಳ್ಳೆ ಕಥೆ."

"ಜಜ್ಜಿದ ದಿನಕ್ಕಲ್ಲ, ಜಜ್ಜದೆ ಇದ್ದ ದಿನಕ್ಕೆ. ಅವಳು ತಮ್ಮನ ಜೊತೆ ನೆಟ್ಟಗೆ ಆಡಿದ ದಿನ ನೀವು ಏನಂದ್ರಿ?"

ಅವನು ಏನೂ ಅಂದಿರಲಿಲ್ಲ. ನೆಟ್ಟಗಿದ್ದ ತಕ್ಕಡಿಯನ್ನು ಅವನು ಎಂದೂ ಮೇಜಿನ ಮೇಲೆ ಇಟ್ಟವನಲ್ಲ.

ಆದರೂ ಸೋಲಲಿಲ್ಲ. ಸೋಲುವ ಆಸಾಮಿಯೇ ಅಲ್ಲ. ತಗ್ಗಿದ ದನಿಯಲ್ಲಿ ಹೇಳಿದ: "ರಕ್ತದಲ್ಲೇ ಇದೆ ಇದು. ನನ್ನ ತಮ್ಮ ಹೀಗೇ ಇದ್ದ. ಇದೇ ಕಣ್ಣು, ಇದೇ ನಯವಾದ ಮಾತು. ಬೀದಿನೆಲ್ಲ ಬುಟ್ಟಿಗೆ ಹಾಕ್ಕೊಂಡು ಎಲ್ಲರಿಗೂ ಮೋಸ ಮಾಡ್ದ."

"ನಿಮ್ಮಪ್ಪ ಅವನಿಗೆ ಹೊಡೀತಿದ್ರಾ?"

"ಬೆಲ್ಟು ಕಿತ್ತೋಗೋ ತನಕ."

"ಸರಿಹೋದ್ನಾ?"

ತಕ್ಕಡಿಯಣ್ಣ ಮೇಜಿನ ಮೇಲಿದ್ದ ಸ್ಕ್ರೂ ಡ್ರೈವರನ್ನು ಆಚೆಗಿಟ್ಟ, ಮತ್ತೆ ಈಚೆಗಿಟ್ಟ. "ಇಲ್ಲ. ಹದಿಮೂರು ವರ್ಷಕ್ಕೆ ಮನೆಯಿಂದ ಆಚೆ ಹಾಕಿದ್ರು. ಈಗ ಜೈಲಲ್ಲಿದಾನೆ." ತಮ್ಮನನ್ನು ಕಂಡರೆ ಅವನಿಗೆ ಪ್ರಾಣ. ಆ ದಿನ ಬಾಗಿಲು ಮುಚ್ಚುವಾಗ ತಾನೂ ಒಳಗೇ ನಿಂತಿದ್ದೆ ಅನ್ನುವ ಸಂಕಟ ಇಪ್ಪತ್ತೈದು ವರ್ಷದಿಂದ ಅವನನ್ನು ತಿನ್ನುತ್ತಿತ್ತು.

"ಹುಟ್ಟಿನಿಂದ ಸ್ವಲ್ಪ ಬರುತ್ತೆ, ನಿಜ" ಅಂದಳು ನರ್ಸಕ್ಕ. "ಅಷ್ಟಕ್ಕೇ ಎಲ್ಲಾ ಮುಗಿಯಲ್ಲ. ಮನೆ ಹೇಗಿದೆ, ಯಾವಾಗ ಸಹಾಯ ಸಿಕ್ತು, ಅದೂ ಲೆಕ್ಕಕ್ಕೆ ಬರುತ್ತೆ. ನಿಮ್ಮಪ್ಪನಿಗೆ ಹೇಳೋರು ಯಾರೂ ಇರ್ಲಿಲ್ಲ. ನಿಮಗೆ ನಾನು ಹೇಳ್ತಾ ಇದೀನಿ. ಚಿಟಿಕೆಗೆ ಇನ್ನೂ ಒಂಬತ್ತು. ಮೊದಲು ದೊಡ್ಡಾಸ್ಪತ್ರೆಗೆ ಬನ್ನಿ, ಮಕ್ಕಳ ಮನೋವೈದ್ಯರು ನೋಡ್ಲಿ. ಅಳದೆ ಇರೋ ಮಕ್ಕಳಿಗೆಲ್ಲ ಇದೇ ತೊಂದರೆ ಅಂತಲೂ ಅಲ್ಲ. ಏಟು ತಿಂದು ತಿಂದು ಮರಗಟ್ಟಿರಬಹುದು. ಆಟಿಸಂ ಇರಬಹುದು, ಇನ್ನೇನೋ ಇರಬಹುದು. ಅದನ್ನ ಅವರು ಹೇಳ್ಬೇಕು, ನಾನೂ ಅಲ್ಲ, ಫೋನೂ ಅಲ್ಲ."

"ಜನ ಏನಂತಾರೆ? ಮಗುನ ಹುಚ್ಚಾಸ್ಪತ್ರೆಗೆ ಕರ್ಕೊಂಡು ಹೋದ ಅನ್ನಲ್ವಾ?"

ಆಗ ಪರದೆ ಸರಿಸಿಕೊಂಡು ಹೆಂಡತಿ ಹೊರಗೆ ಬಂದಳು. "ಹಾಸ್ಟೆಲಿಗೆ ತಳ್ಳಿದ್ರೆ ಜನ ಹಾರ ಹಾಕ್ತಾರಾ? ಸೋಮವಾರ ಬಸ್ಸು ಹತ್ತೋದು ಖಂಡಿತ. ಆಸ್ಪತ್ರೆ ಬಸ್ಸು. ನೀವು ಬರದಿದ್ರೆ ನಾನೊಬ್ಬಳೇ ಹೋಗ್ತೀನಿ." ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಅವನು ಕೇಳಿರಲಿಲ್ಲ.

"ಹತ್ತು ವಾರ" ಅಂದ ತಕ್ಕಡಿಯಣ್ಣ. "ಹತ್ತು ವಾರ ಕಳೆದ ಮೇಲೂ ಹೀಗೇ ಇದ್ರೆ ಹಾಸ್ಟೆಲ್ಲೇ. ಸೀಟು ಹಾಗೇ ಇಟ್ಟಿರಿ ಅಂತ ವಾರ್ಡನ್‌ಗೆ ಹೇಳ್ತೀನಿ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಂದೇ ದಿನಕ್ಕೆ ಏನೂ ಹೇಳಲಿಲ್ಲ. ಚಿಟಿಕೆಯ ಜೊತೆ ಆಟವಾಡಿದರು, ಮಾತಾಡಿದರು, ಶಾಲೆಯ ಟೀಚರನ್ನು ವಿಚಾರಿಸಿದರು, ಕಿವಿ ಕಣ್ಣು ಎಲ್ಲ ನೋಡಿಸಿದರು. ಮೂರನೇ ಭೇಟಿಯಲ್ಲಿ ಹೇಳಿದರು: ನಡತೆಯ ತೊಂದರೆ ಇದೆ, ಜೊತೆಗೆ ಇನ್ನೊಬ್ಬರ ನೋವು ಮನಸ್ಸಿಗೆ ಸುಲಭವಾಗಿ ಇಳಿಯುವುದಿಲ್ಲ. ಚಿಕಿತ್ಸೆ ಇದೆ. ಮಾತ್ರೆಗಿಂತ ಹೆಚ್ಚಾಗಿ ಅಪ್ಪ ಅಮ್ಮನಿಗೆ ತರಬೇತಿ. "ನನಗಾ?" ಅಂತ ತಕ್ಕಡಿಯಣ್ಣ ಕೇಳಿದಾಗ ಡಾಕ್ಟರಮ್ಮ, "ಮೊದಲು ನಿಮಗೇ" ಅಂದರು.

ಕಲಿಯಬೇಕಾದ್ದು ಹೇಳುವುದಕ್ಕೆ ಬಹಳ ಸುಲಭ. ಏಟು ಬಂದ್. ದಿನಾ ಹತ್ತು ನಿಮಿಷ ಅವಳ ಕಣ್ಣು ನೋಡಿ ಅವಳಿಗೆ ಬೇಕಾದ ಆಟ ಆಡುವುದು. ಒಳ್ಳೆಯದು ಮಾಡಿದ ಕೂಡಲೇ, ಅದೇ ಗಳಿಗೆಯಲ್ಲಿ, ಏನು ಒಳ್ಳೆಯದು ಅಂತ ಹೆಸರು ಹಿಡಿದು ಹೇಳುವುದು. ತಪ್ಪು ಮಾಡಿದರೆ ಕೂಗಾಡದೆ ಐದು ನಿಮಿಷ ಸ್ಟೂಲಿನ ಮೇಲೆ ಕೂರಿಸುವುದು, ಆ ದಿನದ ಬಹುಮಾನ ಇಲ್ಲ ಅನ್ನುವುದು, ಅಲ್ಲಿಗೆ ಮುಗಿಸುವುದು. ಮತ್ತೆ ಇದೊಂದು ಕಟ್ಟಾಜ್ಞೆ: ಪಾಪುವನ್ನು ಅವಳ ಜೊತೆ ಒಂಟಿಯಾಗಿ ಬಿಡಬಾರದು. ಪ್ರೀತಿ ಬೇರೆ, ಎಚ್ಚರಿಕೆ ಬೇರೆ, ಎರಡೂ ಇರಬೇಕು ಅಂದಿದ್ದರು ಡಾಕ್ಟರಮ್ಮ.

ಮಾಡಲು ಹೋದಾಗ ತಕ್ಕಡಿಯಣ್ಣನ ಬಂಡವಾಳ ಬಯಲಾಯಿತು. ಅವನ ಬಾಯಿಂದ ಹೊಗಳಿಕೆಯೇ ಬಾರದು. ಅವನ ನಿಘಂಟಿನಲ್ಲಿ ಅತಿ ದೊಡ್ಡ ಹೊಗಳಿಕೆ ಅಂದರೆ 'ಪರವಾಗಿಲ್ಲ'. ಹೆಂಡತಿ ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಿಸಿದಳು. "ಹೇಳಿ, ತಮ್ಮನಿಗೆ ಚೆಂಡು ಕೊಟ್ಟೆಯಲ್ಲ, ನಂಗೆ ಖುಷಿಯಾಯ್ತು." ಅವನು ಹೇಳಿದ, ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಹಾಗೆ. "ಮುಖದಲ್ಲೂ ಸ್ವಲ್ಪ ಖುಷಿ ಇರ್ಲಿ" ಅಂದಳು ಅವಳು.

ಬಹುಮಾನ ಏನಿರಲಿ ಅಂತ ಕೇಳಿದರೆ ಚಿಟಿಕೆ ಗೊಂಬೆ ಕೇಳಲಿಲ್ಲ, ಮಿಠಾಯಿ ಕೇಳಲಿಲ್ಲ. ಗಾಜಿನ ಪೆಟ್ಟಿಗೆಯೊಳಗಿನ ಸಣ್ಣ ತಕ್ಕಡಿಯಲ್ಲಿ ತೂಗಬೇಕು ಅಂದಳು. ಅಪ್ಪ ಯಾರಿಗೂ ಮುಟ್ಟಲು ಕೊಡದ ತಕ್ಕಡಿ. ದಿನ ಒಳ್ಳೆಯದಾಗಿ ಕಳೆದರೆ ಸಂಜೆ ಕಾಲು ಗಂಟೆ ಅಪ್ಪನ ಪಕ್ಕ ಕೂತು ಚಿಮಟದಲ್ಲಿ ಹಿಡಿದು ತೂಗುವಳು: ಗುಂಡಿ, ಗರಿ, ತನ್ನದೇ ತಲೆಗೂದಲು. ಅವಳ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. "ನಿನ್ನ ಕೈ ನನ್ನ ಕೈಗಿಂತ ಗಟ್ಟಿ" ಅಂದ ಒಂದು ದಿನ ತಕ್ಕಡಿಯಣ್ಣ. ಅದನ್ನು ಯಾರೂ ಅಭ್ಯಾಸ ಮಾಡಿಸಿರಲಿಲ್ಲ. ಚಿಟಿಕೆ ತಲೆಯೆತ್ತಿ ಅವನನ್ನು ನೋಡಿ ನಕ್ಕಳು.

ಹೀಗಂತ ಎಲ್ಲಾ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. ನಾಲ್ಕನೇ ವಾರ ಅಮ್ಮ ಆಕಡೆ ತಿರುಗಿದ ಕ್ಷಣದಲ್ಲಿ ಚಿಟಿಕೆ ಪಾಪುವಿನ ತೋಳು ಚಿವುಟಿ ಕೆಂಪಗೆ ಮಾಡಿದಳು. ತಕ್ಕಡಿಯಣ್ಣನ ಕೈ ಮೇಲಕ್ಕೆ ಹೋಗಿಯೇ ಬಿಟ್ಟಿತ್ತು. ಮಗಳು ಅದೇ ಹಳೇ ನೋಟ ನೋಡುತ್ತ ನಿಂತಳು. ಅವನು ಕೈ ಇಳಿಸಿ, ಬೀದಿಗೆ ಹೋಗಿ, ಎರಡು ಸುತ್ತು ತಿರುಗಿ ಬಂದು, "ಐದು ನಿಮಿಷ ಸ್ಟೂಲು. ಇವತ್ತು ತಕ್ಕಡಿ ಇಲ್ಲ" ಅಂದ. ಚಿಟಿಕೆಗೆ ಏಟಿಗೆ ಬಾರದ ಸಿಟ್ಟು ಆ ಮಾತಿಗೆ ಬಂತು. ಕಾಲು ಅಪ್ಪಳಿಸಿದಳು. ನರ್ಸಕ್ಕ ಇದನ್ನು ಕೇಳಿ, "ತಟ್ಟಿತಲ್ಲ, ಬಿಡಿ" ಅಂದಳು.

ಒಂಬತ್ತನೇ ವಾರದ ಒಂದು ಮಧ್ಯಾಹ್ನ. ತಕ್ಕಡಿಯಣ್ಣ ಅಂಗಡಿಯಲ್ಲಿ ಗಿರಾಕಿಯ ಜೊತೆ ಚೌಕಾಸಿಯಲ್ಲಿದ್ದ. ಪಾಪು ಮಲಗಿದ್ದಾನೆ ಅಂದುಕೊಂಡು ಹೆಂಡತಿ ಬಟ್ಟೆ ತರಲು ಮಹಡಿಗೆ ಹೋಗಿದ್ದಳು. ಚಿಟಿಕೆ ಶಾಲೆಯಿಂದ ಬಂದು ಹಿಂಬಾಗಿಲಿನಿಂದ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಪರದೆ ಸರಿಯಿತು. ಅವಳ ತೋಳಿನಲ್ಲಿ ಪಾಪು ಇದ್ದ. ತಲೆಯಿಂದ ನೀರು ಇಳಿಯುತ್ತಿತ್ತು. ಅವಳ ಸಮವಸ್ತ್ರವೂ ಎದೆಯ ತನಕ ತೊಯ್ದಿತ್ತು.

"ಬಟ್ಟೆ ನೆನೆಸಿಟ್ಟ ಟಬ್ಬಿಗೆ ತಲೆಕೆಳಗಾಗಿ ಬಿದ್ದಿದ್ದ" ಅಂದಳು, ಹೊರಗೆ ಬಿಸಿಲಿದೆ ಅನ್ನುವಷ್ಟೇ ಸಹಜವಾಗಿ. "ಎತ್ಕೊಂಡು ಬಂದೆ."

ಪಾಪು ಒಂದು ಸಲ ಕೆಮ್ಮಿ, ನೀರು ಕಕ್ಕಿ, ದೊಡ್ಡ ದನಿ ತೆಗೆದು ಅತ್ತ. ಆ ಅಳು ಕೇಳಿ ತಕ್ಕಡಿಯಣ್ಣನ ಹೋದ ಜೀವ ಬಂದಂತಾಯಿತು. ಇಬ್ಬರನ್ನೂ ಒಟ್ಟಿಗೆ ಬಾಚಿ ಅಪ್ಪಿಕೊಂಡು ನೆಲದ ಮೇಲೆ ಕೂತುಬಿಟ್ಟ. ಗಿರಾಕಿಯೇ ಓಡಿಹೋಗಿ ನರ್ಸಕ್ಕನನ್ನು ಕರೆತಂದ. ಅವಳು ಪಾಪುವಿನ ಎದೆ ಪರೀಕ್ಷಿಸಿ, ಆಸ್ಪತ್ರೆಗೂ ತೋರಿಸೋಣ ಅಂತ ಆಟೋ ಹೇಳಿದಳು.

ಆಟೋ ಬರುವ ತನಕ ತಕ್ಕಡಿಯಣ್ಣ ಮಗಳ ಕೈ ಬಿಡಲಿಲ್ಲ. "ಹೆದರಿದ್ಯಾ ಪುಟ್ಟಾ?"

ಚಿಟಿಕೆ ಯೋಚಿಸಿದಳು. ಸುಳ್ಳು ಹೇಳಲು ಅವಳಿಗೆ ಕ್ಷಣವೂ ಬೇಕಾಗುತ್ತಿರಲಿಲ್ಲ. ನಿಜ ಹೇಳಲು ಹೊತ್ತು ಹಿಡಿಯಿತು.

"ಇಲ್ಲ ಅಪ್ಪಾ. ನಂಗೇನೂ ಅನ್ನಿಸ್ಲಿಲ್ಲ. ಸುಮ್ನೆ ಹೋಗ್ಬಹುದಿತ್ತು. ಆದ್ರೆ ಎತ್ತಿದ್ರೆ ನಿಮಗೆ ಖುಷಿಯಾಗುತ್ತೆ ಅಂತ ಗೊತ್ತಿತ್ತು. ಅದಕ್ಕೇ ಎತ್ತಿದೆ."

ಎರಡು ತಿಂಗಳ ಹಿಂದಾಗಿದ್ದರೆ ಈ ಮಾತಿಗೇ ತಕ್ಕಡಿಯಣ್ಣ ಟ್ರಂಕು ಎತ್ತುತ್ತಿದ್ದ. ಇವತ್ತು ಅವನಿಗೆ ಕೇಳಿಸಿದ್ದು ಬೇರೆ. ಎದೆ ಧಸಕ್ ಅನ್ನದಿದ್ದರೂ ಮಗಳು ದಾರಿ ಹುಡುಕಿಕೊಂಡು ಬಂದಿದ್ದಳು, ಆ ದಾರಿ ಅಪ್ಪನ ಖುಷಿಯ ಮೂಲಕ ಬಂದಿತ್ತು. "ತಮ್ಮನ್ನ ನೀರಿಂದ ಎತ್ತಿದೆ. ನನಗೆ ನಿಜ ಹೇಳ್ದೆ. ಎರಡೂ ದೊಡ್ಡ ಕೆಲಸ ಚಿಟಿಕೆ. ನಂಗೆ ತುಂಬಾ ಖುಷಿಯಾಗಿದೆ" ಅಂದ. ಮುಖದಲ್ಲಿ ಖುಷಿ ಇದೆಯೋ ಇಲ್ಲವೋ ಅಂತ ಹೆಂಡತಿ ಅವತ್ತು ನೋಡಬೇಕಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಪಾಪುವಿಗೆ ಏನೂ ಭಯವಿಲ್ಲ ಅಂದರು. ಅಲ್ಲಿಯ ವರಾಂಡದಲ್ಲೇ ನಿಂತು ತಕ್ಕಡಿಯಣ್ಣ ವಾರ್ಡನ್‌ಗೆ ಫೋನು ಹಚ್ಚಿದ. "ಆ ಸೀಟು ಬೇಡ ಸರ್. ನನ್ನ ಮಗಳು ನನ್ನ ಹತ್ರಾನೇ ಇರ್ತಾಳೆ." ಮೂರು ತಿಂಗಳಲ್ಲಿ ಅಳೋದು ಕಲಿಸ್ತಿದ್ವಲ್ಲ ಅಂತ ಆತ ಶುರುಮಾಡಿದ. "ಅವಳು ಅಳೋದು ನಂಗೆ ಬೇಕಾಗಿಲ್ಲ ಸರ್" ಅಂತ ಹೇಳಿ ಇವನು ಇಟ್ಟುಬಿಟ್ಟ.

ಓದುತ್ತಿರುವ ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಅತ್ತೆ, ಮಾವ, ನಿಮ್ಮ ಮನೆಯಲ್ಲೂ ಇಂಥ ಮಗು ಇರಬಹುದು. ಪ್ರಾಣಿಗಳಿಗೆ, ತಮ್ಮ ತಂಗಿಯರಿಗೆ ನೋವು ಮಾಡಿ ನಿರಾಳವಾಗಿರಬಹುದು, ತಪ್ಪಿಗೆ ಮರುಗದೆ ಇರಬಹುದು, ಯಾವ ಶಿಕ್ಷೆಗೂ ಬಗ್ಗದೆ ಇರಬಹುದು. ಆ ಮಗುವಿಗೆ ಸೈಕೋ ಅಂತ ಹೆಸರಿಡಬೇಡಿ. ಏಟಿನ ತೂಕ ಹೆಚ್ಚಿಸಬೇಡಿ, ಅದರಿಂದ ಮಗು ಇನ್ನಷ್ಟು ಗಡುಸಾಗುತ್ತದೆ. ಚಿಕ್ಕ ಮಕ್ಕಳನ್ನು ಜೋಪಾನ ಮಾಡಿ. ದೊಡ್ಡದಾದ ಮೇಲೆ ತಾನೇ ಸರಿಹೋಗುತ್ತದೆ ಅಂತ ಕಾಯಬೇಡಿ, ಕೈಮೀರಿತು ಅಂತ ಕೈಚೆಲ್ಲಲೂ ಬೇಡಿ. ನಿಮ್ಮ ಬೀದಿಯ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ, ಮಕ್ಕಳ ಮನೋವೈದ್ಯರು ಎಲ್ಲಿದ್ದಾರೆ ಅಂತ ತಿಳಿದುಕೊಳ್ಳಿ. ಆಸ್ಪತ್ರೆಯ ಬೆಂಚಿನಲ್ಲಿ ಯಾರಾದರೂ ಗುರುತಿನವರು ಕಂಡರೆ ಮುಖ ಮುಚ್ಚಿಕೊಳ್ಳಬೇಡಿ, ಅವರೂ ಮಗುವಿಗಾಗಿಯೇ ಬಂದಿರುತ್ತಾರೆ.

ಆ ಮಗುವಿಗೆ ಬೇರೆಯವರ ನೋವು ಇವತ್ತು ಕೇಳಿಸದೆ ಇರಬಹುದು. ನಿಮ್ಮ ಪ್ರೀತಿ ಕೇಳಿಸುತ್ತದೆ. ಅದು ಕೇಳಿಸುವ ವಯಸ್ಸಿನಲ್ಲೇ ಮಗುವಿನ ಕೈ ಹಿಡಿದುಕೊಂಡು ಹೊರಡಿ.